ಕುಶಲಕ್ಕ ಕಟ್ಟಿದ ತುರುಬು

ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ತಲೆಗೆ ಒಂದು ಟೋಪಿ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಟೋಪಿಯ ತುಂಬ ಗುಂಡಿಗಳು, ಪ್ರತಿ ಗುಂಡಿಗೂ ಒಂದು ವೈರು. ಮೆದುಳಿನೊಳಗಿನ ವಿದ್ಯುತ್ತು ತಲೆಬುರುಡೆ ದಾಟಿ ಚರ್ಮದವರೆಗೆ ತುಸು ತುಸು ಸೋರಿ ಬರುತ್ತದೆ, ಅದನ್ನು ಈ ಗುಂಡಿಗಳು ಹಿಡಿಯುತ್ತವೆ, ಪರದೆಯ ಮೇಲೆ ಗೆರೆಗಳು ಓಡುತ್ತವೆ. ಇ.ಇ.ಜಿ. ಎಂದರೆ ಇಷ್ಟೆ. ಆದರೆ ಕಂಪ್ಯೂಟರನ್ನಷ್ಟೇ ಓದಿ ಬಂದ ನಾನು ತಿಳಿದುಕೊಂಡದ್ದು ಬೇರೆ. ತಲೆಯೊಳಗೆ ಓಡುವ ಯೋಚನೆಗಳೆಲ್ಲ ಪಕ್ಕದ ಪರದೆಯಲ್ಲಿ ಓದಲು ಸಿಗುತ್ತವೆ ಎಂದು ನಂಬಿದ್ದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಪಕ್ಕದ ಫಿಸಿಯೋಥೆರಪಿ ವಿಭಾಗದ ತೃಷಾ ಒಬ್ಬಳೇ. ಅದು ಹೊರಗೆ ಬೀಳಬಾರದೆಂದು ಕಣ್ಣು ಬಿಗಿಯಾಗಿ ಮುಚ್ಚಿ, ಮನಸ್ಸಿನಲ್ಲೇ ಹದಿಮೂರರ ಮಗ್ಗಿ ಹೇಳತೊಡಗಿದೆ.

"ಎಂತ ಮಾರಾಯ, ಹಲ್ಲು ಕಚ್ಚಿ ಕೂತಿದ್ದೀ? ದವಡೆ ಸಡಿಲ ಬಿಡು. ಗೆರೆಯೆಲ್ಲ ಹಾಳಾಗ್ತಾ ಉಂಟು."

"ಏನಾದ್ರೂ ಕಾಣ್ತದಾ ಅಕ್ಕಾ?"

"ಕಾಣ್ತದೆ."

ನನ್ನ ಮಗ್ಗಿ ಐವತ್ತೆರಡರಲ್ಲಿ ನಿಂತಿತು. "ಎಂತ ಕಾಣ್ತದೆ?"

"ರೆಪ್ಪೆ ಬಡಿದದ್ದು, ಹಲ್ಲು ಕಡಿದದ್ದು. ಒಳಗೆ ಮೆದುಳು ಉಂಟಾ ಇಲ್ವಾ ಅಂತ ಇನ್ನು ನೋಡ್ಬೇಕು."

ಹೀಗೆ ಹೇಳಿದವರು ಕುಶಲಕ್ಕ. ಮಣಿಪಾಲದ ನಮ್ಮ ನರರೋಗ ಕ್ಲಿನಿಕ್ಕಿನ ಇ.ಇ.ಜಿ. ಟೆಕ್ನಿಷಿಯನ್. ಕೊರಳಲ್ಲಿ ದರ್ಜಿಯವರ ಹಾಗೆ ಅಳತೆ ಟೇಪು, ಕೋಟಿನ ಜೇಬಿನಲ್ಲಿ ಹಣೆಯ ಮೇಲೆ ಗುರುತು ಹಾಕುವ ಕೆಂಪು ಪೆನ್ಸಿಲು, ಕೈಯಲ್ಲಿ ಸದಾ ಒಂದು ಬಾಚಣಿಗೆ. ವಿನಯ ಎಂಬುದು ಅವರಿಗೆ ಒಗ್ಗಿದ್ದಲ್ಲ. "ಮಣಿಪಾಲದಲ್ಲಿ ನನ್ನಷ್ಟು ತಲೆ ಮುಟ್ಟಿದವರು ಯಾರೂ ಇಲ್ಲ, ಕ್ಷೌರದ ಅಂಗಡಿಯವರನ್ನು ಬಿಟ್ಟು. ಅವರದ್ದು ಹೊರಗಿನ ಕೆಲಸ, ಲೆಕ್ಕಕ್ಕಿಲ್ಲ" ಎಂದು ಹೊಸದಾಗಿ ಬಂದ ಡಾಕ್ಟರುಗಳಿಗೂ ಹೇಳುವವರು. ಎರ್ಮಾಳಿನಿಂದ ಬರುವ ಬಸ್ಸಿನಲ್ಲಿ ಯಾರಾದರೂ ಕೆಲಸ ಯಾವುದೆಂದು ಕೇಳಿದರೆ ಅವರದ್ದು ಒಂದೇ ಮಾತು: "ಮೆದುಳಿನದ್ದು." ಅದರ ಮೇಲೆ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಎರ್ಮಾಳಿನ ಕಡಲ ಬದಿಯ ಮನೆ ಅವರದ್ದು. ತಂದೆ ಶೀನಣ್ಣ ಮಲ್ಪೆಯ ಬೋಟಿನಲ್ಲಿ ದುಡಿದವರು. ತಾಯಿ ಬೆಳಕು ಹರಿಯುವ ಮೊದಲೇ ಏಲಂನಲ್ಲಿ ಕೂಗಿ ಮೀನು ಕೊಂಡು, ಬುಟ್ಟಿ ಹೊತ್ತು ಬಸ್ಸು ಹತ್ತಿ ಕಾರ್ಕಳದ ಕಡೆಗೆ ಹೋಗುತ್ತಿದ್ದರು. ನಾನು ಕಾರ್ಕಳದ ಆಚೆಯ ಬಜಗೋಳಿಯವನು ಎಂದು ಗೊತ್ತಾದ ದಿನ ಕುಶಲಕ್ಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಹಾಗಾದ್ರೆ ನೀನು ನನ್ನ ಅಮ್ಮ ಮಾರಿದ ಬಂಗುಡೆ ತಿಂದು ಬೆಳೆದವ. ಆದ್ರೂ ಬುದ್ಧಿ ಇಷ್ಟೇ ಅಂದ್ರೆ ಅದು ಬಂಗುಡೆಯ ತಪ್ಪಲ್ಲ."

ತಾಯಿ ಮೀನಿಗೆ ಹೋದ ಮೇಲೆ ತಂಗಿಯರ ತಲೆ ಬಾಚುವ ಕೆಲಸ ಹಿರಿಯವಳಾದ ಕುಶಲಕ್ಕನದ್ದು. ಬೆಳಗ್ಗೆ ಶಾಲೆಗೆ ಮುಂಚೆ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಇನ್ನೊಮ್ಮೆ. ಮುಸ್ಸಂಜೆಗೆ ಕೂದಲು ಬಿಟ್ಟುಕೊಂಡ ಹೆಣ್ಣುಮಗು ಅಂಗಳದಲ್ಲಿ ಕಂಡರೆ ಅಜ್ಜಿ ಬಾಯಿ ತೆರೆಯುತ್ತಿರಲಿಲ್ಲ, ಅಂಗಳ ಗುಡಿಸುವ ಹಿಡಿಸೂಡಿಯನ್ನೇ ಎತ್ತುತ್ತಿದ್ದರು. ದೀಪಕ್ಕೆ ಎಣ್ಣೆ ಹಾಕುವುದರೊಳಗೆ ನಾಲ್ಕು ತಲೆಗಳ ಕೂದಲೂ ಕಟ್ಟಿ ಮುಗಿದಿರಬೇಕು. "ನನ್ನ ಕೈಗೆ ವೇಗ ಬಂದದ್ದು ಡಿಪ್ಲೊಮಾದಿಂದ ಅಲ್ಲ, ಹಿಡಿಸೂಡಿಯಿಂದ" ಎಂದು ಕುಶಲಕ್ಕ ಹೇಳುವುದುಂಟು.

ಪಿ.ಯು.ಸಿ. ಮುಗಿಸಿ ಅವರು ಕ್ಲಿನಿಕ್ಕಿಗೆ ಬಂದದ್ದು ಆಯಾ ಕೆಲಸಕ್ಕೆ. ಆಗ ಯಂತ್ರದ ಮುಂದೆ ಕೂರುತ್ತಿದ್ದವರು ಮೌರಿಸ್ ಎಂಬ ಹಿರಿಯರು. ಮಡಚುವ ಉದ್ದನೆಯ ಕಾಗದ, ಅದರ ಮೇಲೆ ಸಾಲಾಗಿ ಶಾಯಿಯ ಪೆನ್ನುಗಳು ಗೀಚುತ್ತಿದ್ದ ಕಾಲ. ಒಂದು ದಿನ ಒಂದು ಮಗು ಮೌರಿಸರಿಗೆ ತಲೆ ಮುಟ್ಟಲು ಬಿಡದೆ ಕಿರುಚಿ ಕೋಣೆ ಹಾರಿಸುತ್ತಿತ್ತು. ನೆಲ ಒರೆಸುತ್ತಿದ್ದ ಕುಶಲಕ್ಕ ಬಕೆಟು ಇಟ್ಟು ಬಂದು, ಮಗುವನ್ನು ಮೊಣಕಾಲ ನಡುವೆ ಕೂರಿಸಿ ತಂಗಿಯರ ತಲೆ ಬಾಚಿದ ಹಾಗೆ ಬಾಚತೊಡಗಿದರಂತೆ. ಬಾಚುತ್ತ ಬಾಚುತ್ತ, ಮೌರಿಸರು ಬೆರಳು ತೋರಿಸಿದಲ್ಲೆಲ್ಲ ಒಂದೊಂದೇ ಗುಂಡಿ ಅಂಟಿಸಿ ಮುಗಿಸಿದರಂತೆ. ಮರುದಿನದಿಂದ ಮೌರಿಸರು ಅವರ ಕೈಗೆ ಬಕೆಟು ಕೊಡಲಿಲ್ಲ. ಡಿಪ್ಲೊಮಾ, ಮದುವೆ, ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಆಗಿರುವ ಗಂಡ, ಎರಡು ಮಕ್ಕಳು, ಎಲ್ಲ ಆಮೇಲೆ ಬಂದವು. ಕಾಗದ ಹೋಗಿ ಕಂಪ್ಯೂಟರು ಬಂತು, ಮೌರಿಸರು ನಿವೃತ್ತರಾದರು, ಹತ್ತಿಪ್ಪತ್ತು ಗುಂಡಿ ಇದ್ದಲ್ಲಿ ಅರವತ್ತನಾಲ್ಕು ಗುಂಡಿಯ ಟೋಪಿ ಬಂತು. ಕೊನೆಗೆ, ಆ ಟೋಪಿಯ ಹಿಂದೆ ನಾನು ಬಂದೆ.

ನನ್ನ ಹುದ್ದೆಗೆ ಉದ್ದ ಹೆಸರುಂಟು, ಕೆಲಸ ಸಣ್ಣದು. ಗೆರೆಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಫಿಟ್ಸ್ ಮೆದುಳಿನ ಯಾವ ಜಾಗದಲ್ಲಿ ಶುರುವಾಗುತ್ತದೆಂದು ಲೆಕ್ಕ ಹಾಕಿ ತೋರಿಸುವುದು. ಪರದೆಯ ಮೇಲಿನ ಮೆದುಳಿನ ಚಿತ್ರದಲ್ಲಿ ಒಂದು ಕೆಂಪು ಚುಕ್ಕೆ ಮೂಡುತ್ತದೆ. ಅದು ಫೋಟೋ ಅಲ್ಲ, ಊಹೆ; ಲೆಕ್ಕ ಹಾಕಿದ ಊಹೆ. ಇದನ್ನು ಮನೆಯಲ್ಲಿ ವಿವರಿಸಲು ನಾನೊಂದು ಹೋಲಿಕೆ ಕಂಡುಹಿಡಿದಿದ್ದೆ: ನೀರಿನ ಮೇಲ್ಮೈ ನೋಡಿ ಅಡಿಯಲ್ಲಿ ಮೀನಿನ ಹಿಂಡು ಎಲ್ಲಿದೆ ಎಂದು ಹೇಳಿದ ಹಾಗೆ. ಮೀನುಗಾರರ ಮನೆಯವರಿಗೆ ಖುಷಿಯಾದೀತೆಂದು ಕುಶಲಕ್ಕನಿಗೂ ಹೇಳಿದೆ.

"ಮೀನು ಓಡ್ತದೆ. ಮೆದುಳು ಎಲ್ಲಿಗೆ ಓಡ್ತದೆ?" ಎಂದರು. "ಹೀಗೆ ಹೇಳು. ಮದುವೆ ಹಾಲಿನ ಹೊರಗೆ ನಿಂತಿದ್ದೀ. ಬಾಗಿಲು ಹಾಕಿ ಉಂಟು. ಒಳಗೆ ಒಬ್ಬ ಕೆಮ್ಮಿದ. ಯಾವ ಸಾಲಲ್ಲಿ ಕೂತವ ಅಂತ ನೀನು ಹೊರಗಿಂದ ಹೇಳ್ಬೇಕು. ಅದಕ್ಕೆ ನಾನು ಗೋಡೆಗೆ ಸುತ್ತ ಅರವತ್ತನಾಲ್ಕು ಕಿವಿ ಇಟ್ಟುಕೊಡ್ತೇನೆ. ಯಾವ ಕಿವಿ ಎಲ್ಲುಂಟು ಅಂತ ನನಗೆ ಗೊತ್ತಿರುವವರೆಗೆ ನಿನ್ನ ಲೆಕ್ಕ ಸರಿ. ನನಗೆ ಗೊತ್ತಿಲ್ಲದೆ ಒಂದು ಕಿವಿ ಜರುಗಿತಾ, ಕೆಮ್ಮಿದವ ಬೇರೆ, ನೀನು ಹಿಡಿಯುವವ ಬೇರೆ."

ನನ್ನ ಮೀನು ಅಲ್ಲೇ ಸತ್ತಿತು.

ಕಾಪು ಕಡೆಯ ಶಂಕರಪುರದಿಂದ ಕ್ಯಾರೆನ್ ಎಂಬ ಹುಡುಗಿ ಬಂದದ್ದು ಒಂದೂವರೆ ವರ್ಷದ ಹಿಂದೆ. ಯು.ಕೆ.ಜಿ. ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಇದ್ದಕ್ಕಿದ್ದ ಹಾಗೆ ಗೇರುಬೀಜದ ಸಿಪ್ಪೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತಂತೆ, ಹತ್ತಿರದಲ್ಲೆಲ್ಲೂ ಗೇರುಬೀಜದ ಫ್ಯಾಕ್ಟರಿ ಇರುತ್ತಿರಲಿಲ್ಲ. ಆಮೇಲೆ ಮಾತು ನಿಲ್ಲುತ್ತಿತ್ತು, ಬಲಗೈ ಸೆಟೆಯುತ್ತಿತ್ತು. ಮಕ್ಕಳೆದುರು ಎರಡು ಸಲ ಹೀಗಾದ ಮೇಲೆ ಶಾಲೆಯವರು ಸ್ವಲ್ಪ ದಿನ ಮನೆಯಲ್ಲಿರಿ ಎಂದಿದ್ದರು. ಸ್ವಲ್ಪ ದಿನ ಮುಗಿಯುವ ಲಕ್ಷಣ ಇರಲಿಲ್ಲ. ಮಾತ್ರೆ ಬದಲಿಸಿ ಬದಲಿಸಿ ಸಾಕಾಗಿತ್ತು. ಸ್ಕ್ಯಾನಿನಲ್ಲಿ ಏನೂ ಕಾಣುತ್ತಿರಲಿಲ್ಲ.

ಕ್ಯಾರೆನ್ ಮತ್ತು ಅವಳ ತಾಯಿ ಆನ್ಸಿಲ್ಲಾ ಬಾಯಿಯನ್ನು ಕೂರಿಸಿ ನಮ್ಮ ಡಾಕ್ಟರ್ ಮೇಬಲ್ ಬಿಡಿಸಿ ಹೇಳಿದರು: ಶುರುವಾಗುವ ಜಾಗ ಗೊತ್ತಾದರೆ ಆಪರೇಷನ್ ಮಾಡಿ ತೆಗೆಯಬಹುದು. ಆ ಜಾಗ ಮಾತಿಗೆ ಬೇಕಾದ ಜಾಗವೇ ಆಗಿದ್ದರೆ ಮುಟ್ಟುವ ಹಾಗಿಲ್ಲ. ಮಾತ್ರೆ ಕಡಿಮೆ ಮಾಡಿ, ಟೋಪಿ ಹಾಕಿ, ಒಂದು ದಿನ ಇಲ್ಲೇ ಇಟ್ಟುಕೊಂಡು, ಫಿಟ್ಸ್ ಬರುವಾಗ ಹಿಡಿಯಬೇಕು.

ಮಧ್ಯಾಹ್ನ ಕುಶಲಕ್ಕ ಟೋಪಿ ಹಾಕಿದರು. ಕ್ಯಾರೆನಳ ಕೂದಲು ಸೊಂಟದವರೆಗೆ, ದಪ್ಪ. ಅದನ್ನು ಎಳೆ ಎಳೆಯಾಗಿ ಸರಿಸಿ, ಗುಂಡಿಗಳ ಅಡಿಗೆ ಜೆಲ್ ತುಂಬಿ, ಉಳಿದ ಕೂದಲನ್ನು ಟೋಪಿಯ ಕೆಳಗಿನಿಂದ ಬೆನ್ನ ಮೇಲೆ ಹರಡಿ ಬಿಟ್ಟರು. ನಾನು ಪೆನ್ನಿನಂಥ ಒಂದು ಸಾಧನದಿಂದ ಪ್ರತಿ ಗುಂಡಿಯ ಜಾಗವನ್ನು ಕಂಪ್ಯೂಟರಿಗೆ ಗುರುತು ಮಾಡಿಕೊಟ್ಟೆ. ಎಲ್ಲ ಸರಿಯಾಗಿತ್ತು.

ಸಂಜೆ ಹೊರಗೆ ಮಬ್ಬು ಇಳಿಯಿತು. ಆಮೋರಿಯ ಗಂಟೆ, ಅಂದರೆ ಕ್ರೈಸ್ತರ ಮನೆಗಳ ಸಂಜೆ ಪ್ರಾರ್ಥನೆಯ ಗಂಟೆ, ಆನ್ಸಿಲ್ಲಾ ಬಾಯಿಯ ಮೊಬೈಲಿನಲ್ಲೇ ಹೊಡೆಯಿತು. ಅದೇ ಹೊತ್ತಿಗೆ ಮನೆಗೆ ಹೊರಡುವ ಮುಂಚೆ ಒಮ್ಮೆ ನೋಡಿ ಹೋಗೋಣವೆಂದು ಕುಶಲಕ್ಕ ಒಳಗೆ ಬಂದು ಲೈಟು ಹಾಕಿದರು.

"ದೀಪ ಹಾಕುವ ಹೊತ್ತಿಗೆ ಕೂದಲು ಬಿಟ್ಕೊಂಡು ಕೂರ್ಲಿಕ್ಕುಂಟಾ ಮಗಾ?"

"ಅದನ್ನೇ ನಾನು ಹೇಳಿ ಹೇಳಿ ಸಾಕಾಯ್ತು ಸಿಸ್ಟರ್. ಪ್ರಾರ್ಥನೆಗೆ ಕೂರುವಾಗ್ಲಾದ್ರೂ ಕಟ್ಟು ಅಂದ್ರೆ ಕೇಳುವುದಿಲ್ಲ."

"ಸಿಸ್ಟರ್ ಅಲ್ಲ ಬಾಯೀ, ಟೆಕ್ನಿಷಿಯನ್" ಎನ್ನುತ್ತಲೇ ಕುಶಲಕ್ಕ ಆ ಕೂದಲನ್ನು ಒಂದೇ ಹಿಡಿಯಲ್ಲಿ ಎತ್ತಿ, ಸುತ್ತಿ, ಟೋಪಿಯ ಹಿಂದಿನ ಅಂಚಿಗೆ ಒತ್ತಿ ತುರುಬು ಕಟ್ಟಿಬಿಟ್ಟರು. ಆನ್ಸಿಲ್ಲಾ ಬಾಯಿ ತನ್ನ ತಲೆಯಿಂದಲೇ ಕ್ಲಿಪ್ಪು ತೆಗೆದು ಕೊಟ್ಟರು. ಎರಡು ಧರ್ಮದ ಇಬ್ಬರು ಹೆಂಗಸರು ಅಷ್ಟು ಬೇಗ ಒಂದು ಮಾತಿಗೆ ಬಂದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು, ಆಹಾ ಎಂಥ ಸೌಹಾರ್ದ, ಒಂದು ಫೋಟೋ ತೆಗೆಯಬೇಕಿತ್ತು ಎಂದುಕೊಂಡೆ. ಈ ಲ್ಯಾಬಿನಲ್ಲಿ ನನ್ನ ಬುದ್ಧಿ ಓಡುವುದೇ ಇಂಥ ಕಡೆಗೆ.

ಮರುದಿನ ಬೆಳಗ್ಗೆ ಕ್ಯಾರೆನಳಿಗೆ ಫಿಟ್ಸ್ ಬಂತು, ಯಂತ್ರ ಹಿಡಿಯಿತು. ನಾನು ಲೆಕ್ಕ ಹಾಕಿದೆ. ಕೆಂಪು ಚುಕ್ಕೆ ಎಡಗಿವಿಯ ಮೇಲೆ ಹಿಂಬದಿಗೆ ಬಿತ್ತು. ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಜಾಗದ ಮೇಲೆಯೇ. ಅಂದರೆ ಆಪರೇಷನ್ ಇಲ್ಲ.

ಡಾಕ್ಟರ್ ಮೇಬಲ್ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಸುಟ್ಟ ವಾಸನೆ ಬರ್ತದೆ ಅಂದ್ರೆ ಮುಂದಿನ ಭಾಗ ಇರ್ಬೇಕಿತ್ತು. ನಿಮ್ಮ ಚುಕ್ಕೆ ಹಿಂದೆ ಉಂಟು. ಎರಡಕ್ಕೂ ತಾಳೆ ಆಗ್ತಾ ಇಲ್ಲ. ಬರುವ ವಾರ ಸರ್ಜನ್ ಜೊತೆ ಕೂರ್ತೇವೆ. ಅದರೊಳಗೆ ಇನ್ನೊಮ್ಮೆ ನೋಡಿ. ಅಲ್ಲಿ 'ಬೇಡ' ಅಂತಾದ್ರೆ ಮತ್ತೆ ಈ ಫೈಲು ಯಾರೂ ತೆರೆಯುವುದಿಲ್ಲ."

"ಟೋಪಿ ನಾನು ಹಾಕಿದ್ದು ಮೇಡಂ. ಅದರಲ್ಲಿ ತಪ್ಪಿಲ್ಲ. ಇವನ ಲೆಕ್ಕ ನೋಡಿ" ಎಂದರು ಕುಶಲಕ್ಕ.

ಎಲ್ಲರೂ ನನ್ನನ್ನು ನೋಡಿದರು. ನಾನೂ ನನ್ನನ್ನೇ ಸಂಶಯದಿಂದ ನೋಡಿಕೊಂಡೆ. ಲೆಕ್ಕವನ್ನು ಹೊಸದಾಗಿ ಹಾಕಿದೆ, ಚುಕ್ಕೆ ಅಲ್ಲೇ ಬಿತ್ತು. ಇನ್ನೊಂದು ವಿಧಾನದಲ್ಲಿ ಹಾಕಿದೆ, ಅಲ್ಲೇ. ಅದನ್ನು ಹೇಳಿದಾಗ ಕುಶಲಕ್ಕನಿಗೆ ಸಿಟ್ಟು ಬಂತು. ಗುಂಡಿಗಳ ಜಾಗ ಗುರುತು ಮಾಡುವಾಗ ನಾನು ಎಡವಟ್ಟು ಮಾಡಿದ್ದನ್ನು ತೋರಿಸಿಕೊಡುತ್ತೇನೆಂದು, ಕೋಣೆಯ ಕ್ಯಾಮೆರಾ ಹಿಡಿದ ಇಡೀ ದಿನದ ವಿಡಿಯೋ ಹಾಕಿಕೊಂಡು ಕೂತರು.

ಸ್ವಲ್ಪ ಹೊತ್ತಾದ ಮೇಲೆ ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಷಿತ್, ಬಾ ಇಲ್ಲಿ. ಇದು ಯಾರ ಕೈ?"

ಪರದೆಯಲ್ಲಿ ಎರಡು ಕೈಗಳು ಕೂದಲು ಸುತ್ತುತ್ತಿದ್ದವು. "ನಿಮ್ಮದು" ಎಂದೆ.

"ಹೌದು. ಬಳೆ ನನ್ನದೇ. ಈಗ ಹಣೆ ನೋಡು."

ತುರುಬು ಬಿಗಿಯಾದ ಕೂಡಲೇ ಟೋಪಿಯ ಹಿಂದಿನ ಅಂಚು ಮೇಲೆದ್ದು, ಮುಂದಿನ ಅಂಚು ಹಣೆಯ ಮೇಲಿನ ಕೆಂಪು ಗುರುತನ್ನು ದಾಟಿ ಹುಬ್ಬಿನ ಕಡೆಗೆ ಜಾರಿತ್ತು. ಒಂದು ಹೆಬ್ಬೆರಳಿನಷ್ಟು. ಗುಂಡಿಗಳೆಲ್ಲ ಮುಂದೆ ಹೋಗಿದ್ದವು. ಕಂಪ್ಯೂಟರಿಗೆ ಮಾತ್ರ ಅವು ಹಳೆಯ ಜಾಗದಲ್ಲೇ ಇದ್ದವು. ಹಾಗಾಗಿ ಮುಂದೆ ಹುಟ್ಟಿದ್ದನ್ನು ನನ್ನ ಲೆಕ್ಕ ಹಿಂದೆ ತೋರಿಸಿತ್ತು. ಎಷ್ಟು ಹಿಂದೆ ಎಂದು ಹೇಳುವ ಹಾಗಿರಲಿಲ್ಲ, ಯಾಕೆಂದರೆ ಯಾವ ಗುಂಡಿ ಎಷ್ಟು ಜಾರಿದೆ ಎಂಬುದು ವಿಡಿಯೋದಲ್ಲಿ ಕಾಣುವುದಿಲ್ಲ. ಇರುವ ದಾರಿ ಒಂದೇ. ಕ್ಯಾರೆನಳನ್ನು ಮತ್ತೆ ಕರೆಸಿ, ಮತ್ತೆ ಮಾತ್ರೆ ಕಡಿಮೆ ಮಾಡಿ, ಮತ್ತೆ ಫಿಟ್ಸ್ ಬರಿಸಬೇಕು.

ಕುಶಲಕ್ಕ ಆ ತುಣುಕನ್ನು ಇನ್ನೊಮ್ಮೆ ಹಾಕಿ ನೋಡಿದರು. ಆಮೇಲೆ ಎದ್ದು, ಕೋಟು ಸರಿ ಮಾಡಿಕೊಂಡು, ಡಾಕ್ಟರ್ ಮೇಬಲ್ ಕೋಣೆಗೆ ಹೋಗಿ, ಬಾಗಿಲು ಪೂರ್ತಿ ಹಾಕುವ ಮೊದಲೇ ಹೇಳಿದರು: "ಮೇಡಂ, ಇವನ ಲೆಕ್ಕ ಸರಿ ಉಂಟು. ನಾನು ತುರುಬು ಕಟ್ಟಿದೆ."

ಮೇಡಂ ಬೈಯಲಿಲ್ಲ. ವಿಡಿಯೋ ನೋಡಿ, "ಹೀಗಾದ್ರೆ ವಾಸನೆಗೆ ತಾಳೆ ಆಗ್ತದೆ. ಇನ್ನೊಮ್ಮೆ ಕರೆಸುವ. ಮನೆಯವರಿಗೆ ನಾನು ಫೋನು ಮಾಡ್ತೇನೆ. ರೆಕಾರ್ಡಿಂಗ್ ಸ್ಪಷ್ಟ ಬರ್ಲಿಲ್ಲ ಅಂದ್ರೆ ಆಯ್ತು" ಎಂದರು.

"ಬೇಡ ಮೇಡಂ. ನಾನು ಎರ್ಮಾಳಿಗೆ ಹೋಗುವವಳಲ್ವಾ, ದಾರಿಯಲ್ಲೇ ಉಂಟು. ನಾನೇ ಹೋಗಿ ಹೇಳ್ತೇನೆ."

ಆ ಮನೆ ದಾರಿಯಲ್ಲೇನೂ ಇರಲಿಲ್ಲ. ಕಟಪಾಡಿಯಲ್ಲಿ ಇಳಿದು ಒಳಗೆ ಹೋಗಬೇಕು. ಭಾನುವಾರ ಬೆಳಗ್ಗೆ ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ನನಗೂ ಅಲ್ಲಿ ಏನೋ ಪಾತ್ರ ಇದೆ ಎಂದು ತಿಳಿದು, ಹಿಂದೆ ಕೂತವರಿಗೆ ಸಲಹೆ ಕೊಟ್ಟೆ: "ಅಕ್ಕಾ, ಟೋಪಿಯ ಇಲಾಸ್ಟಿಕ್ ಸಡಿಲ ಇತ್ತು ಅಂತ ಹೇಳಿದ್ರೆ ಹೇಗೆ? ಅದು ಸ್ವಲ್ಪ ಸಡಿಲ ಇರುವುದು ಹೌದು."

"ನೀನು ರಸ್ತೆ ನೋಡಿ ಬಿಡು."

ಶಂಕರಪುರದ ಮನೆಗಳು ಮಲ್ಲಿಗೆ ಹೂವಿನಿಂದ ಬದುಕುವವು, ಮಲ್ಲಿಗೆಗೆ ಭಾನುವಾರ ಗೊತ್ತಿಲ್ಲ. ಆನ್ಸಿಲ್ಲಾ ಬಾಯಿ ಚರ್ಚಿನ ಪೂಜೆಗೆ ಹೋಗುವ ಮುಂಚಿನ ಅವಸರದಲ್ಲಿ ಜಗಲಿಯಲ್ಲಿ ಕೂತು, ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದರು. ಕ್ಯಾರೆನ್ ಪಕ್ಕದಲ್ಲಿ ಮೊಗ್ಗು ಆಯುತ್ತಿದ್ದಳು. ಕುಶಲಕ್ಕ ಕೂರಲಿಲ್ಲ. ಕೊಟ್ಟ ನೀರನ್ನೂ ಕುಡಿಯದೆ ನಿಂತಲ್ಲೇ ಎಲ್ಲ ಹೇಳಿದರು. ಮದುವೆ ಹಾಲು, ಗೋಡೆಗೆ ಇಟ್ಟ ಕಿವಿ, ತುರುಬು, ಎಲ್ಲ. ಇಲಾಸ್ಟಿಕ್ಕಿನ ಹೆಸರೆತ್ತಲಿಲ್ಲ.

ಆನ್ಸಿಲ್ಲಾ ಬಾಯಿಯ ಬೆರಳು ನಿಲ್ಲಲಿಲ್ಲ, ಮಾತು ಮಾತ್ರ ಬೆಂಕಿಯಾಯಿತು. "ಮಾತ್ರೆ ಕಡಿಮೆ ಮಾಡಿ, ಮಗಳಿಗೆ ಫಿಟ್ಸ್ ಬರ್ಲಿ ಅಂತ ಕಾದು ಕೂರುವುದು ಎಂತ ಅಂತ ನಿಮಗೆ ಗೊತ್ತುಂಟಾ?"

"ಗೊತ್ತುಂಟು ಬಾಯೀ. ನಾನೂ ಅಲ್ಲೇ ಕೂರುವವಳು."

"ನೀವು ಕೂರುವುದು ಸಂಬಳಕ್ಕೆ."

"ಹೌದು" ಎಂದರು ಕುಶಲಕ್ಕ.

ಆಗ ಕ್ಯಾರೆನ್ ಮೊಗ್ಗಿನಿಂದ ತಲೆ ಎತ್ತದೆ ಹೇಳಿದಳು: "ಮಮ್ಮಿ, ಕ್ಲಿಪ್ಪು ಕೊಟ್ಟದ್ದು ನೀನೇ ಅಲ್ವಾ?"

ಬಾಳೆನಾರು ಆನ್ಸಿಲ್ಲಾ ಬಾಯಿಯ ಬೆರಳಲ್ಲಿ ನಿಂತಿತು.

"ಇನ್ನೊಮ್ಮೆ ಮಾಡುವ" ಎಂದಳು ಕ್ಯಾರೆನ್. "ನನಗೆ ಶಾಲೆಗೆ ಹೋಗ್ಬೇಕು. ಮಾತು ನಿಲ್ಲುವುದು ನನ್ನದು, ನಿಮ್ಮಿಬ್ಬರದ್ದಲ್ಲ. ನಿಮ್ಮದು ನಿಂತಿದ್ರೆ ಅವತ್ತು ಕೂದಲು ಹಾಗೇ ಇರ್ತಿತ್ತು."

ಎರಡನೆಯ ಸಲ ಕುಶಲಕ್ಕ ಟೋಪಿ ಹಾಕಿದ್ದನ್ನು ನೋಡಬೇಕಿತ್ತು. ಒಂದು ಗುಂಡಿ ಇಡುವುದು, ಟೇಪು ಹಿಡಿಯುವುದು, ನನಗೆ ಗುರುತು ಮಾಡಲು ಹೇಳುವುದು, ಮತ್ತೆ ಟೇಪು ಹಿಡಿಯುವುದು. ಕೂದಲನ್ನು ಎರಡು ಪಾಲು ಮಾಡಿ ದಿಂಬಿನ ಎರಡೂ ಬದಿಗೆ ಇಳಿಬಿಟ್ಟರು. ಸಂಜೆ ಮನೆಗೆ ಹೋಗದೆ ಅಲ್ಲೇ ಸ್ಟೂಲು ಹಾಕಿ ಕೂತರು. ಮಬ್ಬು ಇಳಿಯಿತು, ಮೊಬೈಲಿನಲ್ಲಿ ಗಂಟೆ ಹೊಡೆಯಿತು, ನಾನು ಲೈಟು ಹಾಕಿದೆ. ಕುಶಲಕ್ಕನ ಕೈ ತನ್ನಷ್ಟಕ್ಕೇ ಮಡಿಲಿನಿಂದ ಎದ್ದಿತು. ಅದನ್ನು ಎಳೆದು ತಂದು, ಎರಡೂ ಅಂಗೈಗಳನ್ನು ತೊಡೆಯಡಿಗೆ ಸೇರಿಸಿ, ಅದರ ಮೇಲೆ ಕೂತುಬಿಟ್ಟರು. ಆಚೆ ಬದಿಯಲ್ಲಿ ಆನ್ಸಿಲ್ಲಾ ಬಾಯಿ ಮಗಳ ಕೂದಲು ಕಾಣದ ಹಾಗೆ ಗೋಡೆಗೆ ಮುಖ ಮಾಡಿ ಜಪಮಾಲೆ ಹಿಡಿದರು. ನಡುವೆ ಕ್ಯಾರೆನ್, ತಲೆ ಅಲುಗಿಸಬಾರದು ಎಂದು ಹೇಳಿದ್ದರಿಂದ, ತುಟಿ ಮಾತ್ರ ಬಿಗಿಹಿಡಿದು ನಗುತ್ತಿದ್ದಳು.

ಬೆಳಗ್ಗೆ ಮೊದಲು ಟೇಪು ಹಿಡಿದು ನೋಡಿದರು. ಒಂದು ಗುಂಡಿಯೂ ಜರುಗಿರಲಿಲ್ಲ. ತಿಂಡಿಯ ಹೊತ್ತಿಗೆ ಕ್ಯಾರೆನ್ "ವಾಸನೆ" ಎಂದಳು. ಕುಶಲಕ್ಕ ಅವಳ ಕೈ ಹಿಡಿದು ಪಕ್ಕಕ್ಕೆ ಮಲಗಿಸಿ, ಪೂರ್ತಿ ಮುಗಿಯುವವರೆಗೂ ಅವಳ ಹೆಸರನ್ನೇ ಮೆಲ್ಲಗೆ ಕರೆಯುತ್ತಿದ್ದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಹೋಗು. ಈಗ ನಿನ್ನ ಕೆಲಸ" ಎಂದರು.

ಚುಕ್ಕೆ ಮುಂದೆ ಬಿತ್ತು, ಎಡಗಡೆ, ಕಣ್ಣಿನ ಹಿಂದೆ, ಕಣತಲೆಯ ಒಳಗಿನ ಮೆದುಳಿನ ತುದಿಯಲ್ಲಿ. ಮಾತಿನ ಜಾಗದಿಂದ ಸಾಕಷ್ಟು ದೂರ, ವಾಸನೆಯ ಜಾಗದ ಬದಿಯಲ್ಲೇ. ಇನ್ನೊಂದು ವಿಧಾನದಲ್ಲಿ ಹಾಕಿದೆ, ಅಲ್ಲೇ. ಡಾಕ್ಟರ್ ಮೇಬಲ್ ಸರ್ಜನ್ನರಿಗೆ ಫೋನು ಮಾಡಿದರು. ಬೇರೆ ಪರೀಕ್ಷೆಗಳೂ ಆದವು, ಅವೂ ಬೇಡ ಎನ್ನಲಿಲ್ಲ. ಆಪರೇಷನ್ ಆಯಿತು. ಪೂರ್ತಿ ಗುಣವಾಯಿತು ಎನ್ನಲು ಇನ್ನೂ ಕಾಯಬೇಕು ಎಂದು ಮೇಡಂ ಪ್ರತಿ ಸಲ ಹೇಳುತ್ತಾರೆ. ಆಪರೇಷನ್ ಆದ ಮೇಲೆ ಗೇರುಬೀಜದ ವಾಸನೆ ಮಾತ್ರ ಬಂದಿಲ್ಲ. ಈ ಜೂನಿನಲ್ಲಿ ಕ್ಯಾರೆನ್ ಯು.ಕೆ.ಜಿ. ಮಕ್ಕಳ ನಡುವೆ ಹೋಗಿ ನಿಂತಳು. ಕೂದಲು ಇನ್ನೂ ಗಿಡ್ಡ. ಮಕ್ಕಳು "ಟೀಚರ್ ಬಾಯ್ ಕಟ್ ಮಾಡಿದ್ದಾರೆ" ಎಂದು ಮನೆಗಳಲ್ಲೆಲ್ಲ ಹೇಳಿದ್ದಾರಂತೆ.

ನಮ್ಮ ಲ್ಯಾಬಿನಲ್ಲೀಗ ಒಂದು ಹೊಸ ಪದ್ಧತಿ ಉಂಟು. ಟೋಪಿ ಹಾಕಿದವರ ಗುಂಡಿಗಳನ್ನು ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ ಅಳೆಯಬೇಕು. ಕಲಿಯಲು ಬರುವ ಹುಡುಗಿಯರಿಗೆ ಕುಶಲಕ್ಕ ಇದನ್ನು ಹೇಳಿಕೊಡುವಾಗ ತನ್ನದೇ ಆ ವಿಡಿಯೋ ತುಣುಕು ಹಾಕಿ ತೋರಿಸುತ್ತಾರೆ. "ಕೈ ನೋಡಿ, ಎಷ್ಟು ಚಂದ ಕಟ್ಟಿದೆ. ತಪ್ಪು ಮಾಡುವುದಾದರೂ ಹೀಗೆ ನೀಟಾಗಿ ಮಾಡ್ಬೇಕು" ಎನ್ನುತ್ತಾರೆ. ಬಜಗೋಳಿಯ ಬಸ್ಸಿನಲ್ಲಿ ಯಾರಾದರೂ ನನ್ನ ಕೆಲಸ ಕೇಳಿದರೆ, ಕುಶಲಕ್ಕನ ಲ್ಯಾಬಿನಲ್ಲಿ ಎನ್ನುತ್ತೇನೆ. ನನ್ನ ಹುದ್ದೆಯ ಉದ್ದ ಹೆಸರಿಗಿಂತ ಅದಕ್ಕೆ ತೂಕ ಜಾಸ್ತಿ.

ಮೊನ್ನೆ ಆನ್ಸಿಲ್ಲಾ ಬಾಯಿ ಕ್ಯಾರೆನಳ ತಪಾಸಣೆಗೆಂದು ಬಂದವರು ನಮ್ಮ ಕೋಣೆಗೂ ಬಂದರು. ಡಾಕ್ಟರ್ ಮೇಬಲ್ ಇದ್ದರು, ಕಲಿಯುವ ಹುಡುಗಿಯರಿದ್ದರು, ನಾನಿದ್ದೆ. ಬಾಯಿ ಮಲ್ಲಿಗೆ ಕಟ್ಟಿದ ಬಾಳೆಲೆಯ ಪೊಟ್ಟಣ ಮೇಜಿನ ಮೇಲಿಟ್ಟರು, ಅವರಿವರ ಸುದ್ದಿ ಮಾತಾಡಿದರು, ಹೊರಟವರು ಬಾಗಿಲಲ್ಲಿ ನಿಂತರು.

"ಕುಶಲಕ್ಕಾ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅವತ್ತು ನೀವು ನಮ್ಮ ಮನೆಗೆ ಬಂದು ಹೇಳದೇ ಇದ್ದಿದ್ರೆ, ತಪ್ಪು ನಿಮ್ಮದು ಅಂತ ನಮಗೆ ಯಾವಾಗಾದ್ರೂ ಗೊತ್ತಾಗ್ತಿತ್ತಾ?"

ಮೇಡಂ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ಹುಡುಗಿಯರು ನೆಲ ನೋಡಿದರು. ಕುಶಲಕ್ಕ ಬಾಚಣಿಗೆಯಿಂದ ಒಂದು ಕೂದಲೆಳೆ ಬಿಡಿಸಿ ತೆಗೆದರು.

"ಇಲ್ಲ ಬಾಯೀ. ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಬಂದದ್ದು."